ಹಳೆಯ ಬ್ರೌಸರಿನಲ್ಲಿ ಶ್ರೀರಂಗಪಟ್ಟಣ

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರನ್ನು ಹಳೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ನೋಡಿ. ನಾಗಮಂಗಲ, ಪಾಂಡವಪುರ ಹೆಚ್ಚು ತೊಂದರೆ ಕೊಡುವುದಿಲ್ಲ. ಎಡವಟ್ಟಾಗುವುದು ಶ್ರೀರಂಗಪಟ್ಟಣದಲ್ಲಿ, ಕೃಷ್ಣರಾಜಪೇಟೆಯಲ್ಲಿ. ಇವೆರಡರಲ್ಲೂ ಒತ್ತಕ್ಷರಗಳಿವೆ.

‘ಶ್ರೀರಂಗಪಟ್ಟಣ’ ನಮ್ಮ ಕಣ್ಣಿಗೆ 6 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 12 ಸಂಕೇತ. ‘ಶ್ರೀ’ ಒಂದಕ್ಕೇ ನಾಲ್ಕು ಬೇಕು: ಶ, ಹಲಂತ, ರ, ಈಕಾರದ ಗುಣಿತ ಚಿಹ್ನೆ. ಇವನ್ನು ಬೆಸೆದು ಒಂದೇ ಅಕ್ಷರವಾಗಿ ತೋರಿಸುವುದು ಫಾಂಟ್ ಮತ್ತು ಅಕ್ಷರ ಜೋಡಿಸುವ ತಂತ್ರಾಂಶದ ಕೆಲಸ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಇತ್ತು. ಆದರೆ ಭಾರತೀಯ ಲಿಪಿಗಳ ಬೆಂಬಲವನ್ನು ಸೆಟ್ಟಿಂಗ್ಸ್‌ಗೆ ಹೋಗಿ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳದಿದ್ದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ.

ಈ ಬೆಸುಗೆ ಸರಿಯಿದ್ದರೂ ಅಲಂಕಾರ ಅದನ್ನು ಕೆಡಿಸಬಹುದು. ಶೀರ್ಷಿಕೆ ಅಂದವಾಗಿ ಕಾಣಲೆಂದು ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ‘ಲೆಟರ್ ಸ್ಪೇಸಿಂಗ್’ ರೋಮನ್ ಲಿಪಿಗೆ ಒಪ್ಪುತ್ತದೆ. ಕೆಲವು ಹಳೆಯ ಬ್ರೌಸರ್‌ಗಳು ಅದೇ ಅಂತರವನ್ನು ‘ಟ್ಟ’ದ ಒಳಗೂ ತುರುಕುತ್ತವೆ. ಆಗ ಒತ್ತು ತನ್ನ ಟಕಾರದಿಂದ ಜಾರಿ ಪಕ್ಕಕ್ಕೆ ಹೋಗುತ್ತದೆ. ಮೊದಲ ಅಕ್ಷರವನ್ನು ದೊಡ್ಡದು ಮಾಡಹೊರಟರೆ ‘ಶ’ ಮಾತ್ರ ಉಬ್ಬಿ, ‘ರೀ’ ಹಿಂದೆ ಉಳಿಯುವುದುಂಟು. ಸಾಲಿನ ಎತ್ತರ ಕಡಿಮೆಯಾದರೆ ‘ಷ್ಣ’ದ ಕೆಳಗಿನ ಣಕಾರಕ್ಕೆ ಕತ್ತರಿ ಬೀಳಬಹುದು. ಅಡಿಗೆರೆ ಎಳೆದರೆ ಅದು ಒತ್ತಿನ ಮೇಲೆಯೇ ಹಾದು ಓದು ತೊಡಕಾಗುತ್ತದೆ.

ಮದ್ದು ಕಷ್ಟದ್ದಲ್ಲ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ನಮೂದಿಸಿ, ಕನ್ನಡ ಬರಹಕ್ಕೆ ಲೆಟರ್ ಸ್ಪೇಸಿಂಗ್ ಸೊನ್ನೆ ಮಾಡಬೇಕು. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಇಡುವುದು ಲೇಸು. ಒತ್ತಿ ಹೇಳಬೇಕಾದ ಕಡೆ ಅಡಿಗೆರೆ ಬಿಟ್ಟು ದಪ್ಪ ಅಕ್ಷರ ಅಥವಾ ಬಣ್ಣ ಬಳಸಬಹುದು. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಪುಟದ ಜೊತೆಗೇ ಕಳಿಸಿದರೆ ಓದುಗರ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಎಂಬ ಕೊರತೆ ನೀಗುತ್ತದೆ. ಆದರೆ ಜೋಡಿಸುವ ತಂತ್ರಾಂಶವೇ ಇಲ್ಲದ ಯಂತ್ರಕ್ಕೆ ಫಾಂಟ್ ಒಂದೇ ಸಾಲದು.

ಕನ್ನಡ ಪುಟ ಕಟ್ಟುವವರು ‘ಶ್ರೀರಂಗಪಟ್ಟಣ’, ‘ಕೃಷ್ಣರಾಜಪೇಟೆ’ ಎಂದು ಬರೆದು, ಸಿಕ್ಕ ಅತಿ ಹಳೆಯ ಬ್ರೌಸರಿನಲ್ಲಿ ಒಮ್ಮೆ ನೋಡಲಿ. ಹೊಸ ಫೋನು ಕೊಳ್ಳಲಾಗದವರಿಗೂ ತಮ್ಮ ಊರಿನ ಹೆಸರು ಒಡೆಯದೆ ಕಾಣಬೇಕು.