ನಲವತ್ತೆಂಟು ತಾಸಿನ ಆಚೆಗಿನ ಖರ್ಚು

ಸಕ್ಕರೆ ಕಾರ್ಖಾನೆ ಚಾಲೂ ಆಯಿತೆಂದರೆ ತೇರದಾಳದ ಸುತ್ತಲಿನ ರಸ್ತೆಗಳಿಗೆ ಹಗಲೂ ರಾತ್ರಿಯೂ ಒಂದೇ. ಎರಡು ಡಬ್ಬಿ ಹಚ್ಚಿದ ಕಬ್ಬಿನ ಟ್ರ್ಯಾಕ್ಟರ್‌ಗಳು ಸಮೀರವಾಡಿ, ಸಿದ್ದಾಪುರಗಳ ಕಡೆ ನಿಧಾನಕ್ಕೆ ಸಾಗುತ್ತವೆ. ಹಿಂದಿನ ಡಬ್ಬಿಗೆ ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇಲ್ಲದಿದ್ದರೆ ಬೈಕಿನವನಿಗೆ ಅದು ಕಾಣುವುದು ತೀರಾ ಹತ್ತಿರ ಬಂದಾಗ. ತಲೆಗೆ ಪೆಟ್ಟು ಬಿದ್ದೂ ಜೀವ ಉಳಿದರೆ ‘ದೇವರು ದೊಡ್ಡಂವ’ ಎಂದು ಮನೆಯವರು ಕೈಮುಗಿಯುತ್ತಾರೆ. ನನ್ನ ಚಿಂತೆ ಅಲ್ಲಿಂದ ಮುಂದಿನದು.

2023ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 12,321. ಹೆಲ್ಮೆಟ್ ಇಲ್ಲದೆ ದೇಶದಲ್ಲಿ 2022 ಒಂದರಲ್ಲೇ ಸತ್ತವರು 50,029. ಬದುಕಿ ಉಳಿದವರಲ್ಲಿ ಎಷ್ಟು ಮಂದಿಗೆ ಮುಂದೆ ಫಿಟ್ಸ್, ಅಂದರೆ ಮೂರ್ಛೆ ರೋಗ, ಬರುತ್ತದೆ? ಅಮೆರಿಕದ ಮಿನೆಸೋಟದಲ್ಲಿ ತಲೆಗೆ ಪೆಟ್ಟಾದ 4,541 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 1998ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ವೈದ್ಯರಿಗೆ ಆಧಾರ. ಅರ್ಧ ತಾಸಿನೊಳಗೆ ಎಚ್ಚರವಾಗಿದ್ದ ಸಣ್ಣ ಪೆಟ್ಟಿನವರಲ್ಲಿ 5 ವರ್ಷದೊಳಗೆ ಮೂರ್ಛೆ ಕಂಡಿದ್ದು ನೂರಕ್ಕೆ 0.7. ಬುರುಡೆ ಒಡೆದವರಲ್ಲಿ, ಅಥವಾ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಎಚ್ಚರ ತಪ್ಪಿದ್ದವರಲ್ಲಿ 1.2. ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿದವರಲ್ಲಿ, ಇಡೀ ದಿನ ಎಚ್ಚರ ಬಾರದವರಲ್ಲಿ 10. ಈ ಕೊನೆಯವರ ಅಂಕಿ 30 ವರ್ಷಕ್ಕೆ 16.7ಕ್ಕೆ ಏರಿತು. ಅಂದರೆ ಆರು ಮಂದಿಗೆ ಒಬ್ಬರು.

ಹೊಲಿಗೆ ಬಿಚ್ಚಿ, ಗಾಯ ಮಾಯ್ದು, ಗೇಯಲು ಹೊರಟವನಿಗೆ ವರ್ಷ ಕಳೆದ ಮೇಲೆ ಒಂದು ದಿನ ಹೊಲದಲ್ಲಿ ಕೈಕಾಲು ಸೆಟೆದು ಬಾಯಲ್ಲಿ ನೊರೆ ಬರುತ್ತದೆ. ಹಳೆಯ ಪೆಟ್ಟಿಗೂ ಇದಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಅಂಗೈಗೆ ಕಬ್ಬಿಣ ಕೊಟ್ಟು, ಉಳ್ಳಾಗಡ್ಡಿ ಮೂಸಿಸಿ, ‘ಏನೋ ಸೋಂಕು’ ಎಂದು ಮುಗಿಸುತ್ತಾರೆ. ಪೆಟ್ಟಾಗಿ ವಾರ ಕಳೆದ ಮೇಲೆ ಒಮ್ಮೆ ಫಿಟ್ಸ್ ಬಂದರೆ ಮತ್ತೆ ಬರುವ ಸಾಧ್ಯತೆ ಬಹಳ ಹೆಚ್ಚು. ಹಾಗಾಗಿಯೇ ಅಷ್ಟಕ್ಕೇ ವೈದ್ಯರು ಮಾತ್ರೆ ಶುರು ಮಾಡುತ್ತಾರೆ.

ಮುಂಚೆಯೇ ಮಾತ್ರೆ ನುಂಗಿ ಇದನ್ನು ತಪ್ಪಿಸಲಾದೀತೆ? 1990ರ ಅಧ್ಯಯನವೊಂದರಲ್ಲಿ ಪೆಟ್ಟಾದ 404 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಫಿಟ್ಸ್ ತಡೆಯುವ ಫೆನಿಟಾಯಿನ್ ಕೊಟ್ಟರು. ಮೊದಲ ವಾರದ ಫಿಟ್ಸ್ ನೂರಕ್ಕೆ 14.2ರಿಂದ 3.6ಕ್ಕೆ ಇಳಿಯಿತು. ವಾರದ ಬಳಿಕ ಎರಡೂ ಗುಂಪಿಗೆ ವ್ಯತ್ಯಾಸವೇ ಉಳಿಯಲಿಲ್ಲ. ಪೆಟ್ಟು ಮಿದುಳಿನಲ್ಲಿ ಬಿಟ್ಟುಹೋದ, ಫಿಟ್ಸಿಗೆ ಮೂಲವಾದ ಕಲೆಯನ್ನು ಅಳಿಸುವ ಮಾತ್ರೆ ಈವರೆಗೆ ಬಂದಿಲ್ಲ.

ಈಗ ದುಡ್ಡಿನ ಮಾತು. ಅಪಘಾತದ ಗಾಯಾಳುಗಳಿಗಾಗಿ 2016ರಲ್ಲಿ ರಾಜ್ಯ ತಂದ ಹರೀಶ್ ಸಾಂತ್ವನ ಯೋಜನೆ ಮೊದಲ 48 ತಾಸಿಗೆ 25,000 ರೂಪಾಯಿವರೆಗೆ ಭರಿಸುವಂಥದ್ದಾಗಿತ್ತು. ಜೀವ ಉಳಿಸಲು ಅದು ದೊಡ್ಡ ಆಸರೆಯಾಗಿತ್ತು. ಆದರೆ ಮೂರ್ಛೆಯ ಖರ್ಚು ಆ ಅವಧಿಯಲ್ಲಿ ಇನ್ನೂ ಹುಟ್ಟಿರುವುದೇ ಇಲ್ಲ. ಫಿಟ್ಸ್ ತಡೆಯಲು ಕೊಡುವ ಲೆವೆಟಿರಾಸಿಟಂ 500 ಮಿಲಿಗ್ರಾಂ ಮಾತ್ರೆಗೆ 12 ರೂಪಾಯಿ ಹಿಡಿಯೋಣ. ಬೆಳಿಗ್ಗೆ ಒಂದು, ರಾತ್ರಿ ಒಂದು: ತಿಂಗಳಿಗೆ 720, ವರ್ಷಕ್ಕೆ 8,760. ಫಿಟ್ಸ್ ಪೂರ್ತಿ ನಿಂತ ಮೇಲೂ ಕನಿಷ್ಠ 2 ವರ್ಷ ನುಂಗಬೇಕೆಂದರೆ 17,520. ಪೆಟ್ಟಿನಿಂದ ಬಂದ ಮೂರ್ಛೆಗೆ ಅನೇಕ ವೇಳೆ ಇನ್ನೂ ಹೆಚ್ಚು ವರ್ಷ. ಹತ್ತು ಮಾತ್ರೆಯ ಒಂದು ಪಟ್ಟಿ ಐದೇ ದಿನ. ಕೈ ಬಿಗಿಯಾದ ತಿಂಗಳು ಅದನ್ನೇ ಹತ್ತು ದಿನಕ್ಕೆ ಎಳೆಯುತ್ತಾರೆ, ಫಿಟ್ಸ್ ಮರಳುವುದು ಬಹುತೇಕ ಅಂಥ ತಿಂಗಳಲ್ಲೇ. ಈ ಲೆಕ್ಕದ ಎದುರು, ಹೆಲ್ಮೆಟ್ ಹಾಕದ್ದಕ್ಕೆ ನಮ್ಮಲ್ಲಿ ದಂಡ ಬರೀ 500 ರೂಪಾಯಿ.

ಫಿಟ್ಸ್ ಬಂದವನು ಟ್ರ್ಯಾಕ್ಟರ್ ಹೊಡೆಯುವವನಾದರೆ ಮಾತ್ರೆಯ ಖರ್ಚೇ ಚಿಕ್ಕದು. ಲೈಸೆನ್ಸಿಗೆ ತುಂಬುವ ಫಾರ್ಮ್ 1ರಲ್ಲಿ ಮೂರ್ಛೆ ರೋಗ ಇದೆಯೇ ಎಂಬ ಪ್ರಶ್ನೆಯಿದೆ. ‘ಹೌದು’ ಎಂದು ಬರೆದರೆ ಮುಂದಿನ ಹಂಗಾಮಿಗೆ ಸ್ಟೇರಿಂಗ್ ಬೇರೆಯವರ ಕೈಗೆ.