ಜೋಳದ ಋಣಕ್ಕೆ ಎಷ್ಟು ಅಂಕ?

ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಗೆ ಹೊಂದಿಕೊಂಡಂತೆ ಕಹಳೆ ಬಂಡೆ ಇದೆ. ಕೆಂಪೇಗೌಡರ ಕಾಲದಲ್ಲಿ ಕಾವಲಿನವನು ಈ ಬಂಡೆಯ ನೆತ್ತಿಯಲ್ಲಿ ನಿಂತು, ದಂಡು ಬರುವುದು ಕಂಡರೆ ಕಹಳೆ ಊದಿ ಊರನ್ನು ಎಚ್ಚರಿಸುತ್ತಿದ್ದ ಎಂಬ ಮಾತು ಆ ಹೆಸರಿನಲ್ಲೇ ಉಳಿದಿದೆ. ಮೂಡಲಿಗೆ ಲಾಲ್‌ಬಾಗಿನ ಬಂಡೆಯ ಮೇಲೊಂದು ಗಡಿಗೋಪುರ, ಪಡುವಲಿಗೆ ಕೆಂಪಾಂಬುಧಿ ಕೆರೆಯ ಬದಿಯಲ್ಲಿ ಇನ್ನೊಂದು. ಸಂಜೆ ವಾಕಿಂಗಿಗೆ ಬರುವವರಿಗೆ ಇವು ಗಾಳಿ ಸೇವಿಸುವ, ಫೋಟೊ ತೆಗೆಯುವ ಜಾಗಗಳು. ಮಧ್ಯಯುಗದ ರಾಜ್ಯ ಕಟ್ಟುವ ಹಳೆಯ ಕಂಪ್ಯೂಟರ್ ಆಟಗಳನ್ನು ಆಡಿ ಬೆಳೆದವರಿಗೆ ಮಾತ್ರ ಇವುಗಳ ಕೆಲಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಆಟ ಶುರುವಾದಾಗ ಪರದೆಯ ನಕ್ಷೆ ಬಹುಪಾಲು ಕಪ್ಪಾಗಿರುತ್ತದೆ. ನಮ್ಮ ಕಡೆಯವನೊಬ್ಬ ನಡೆದಷ್ಟು ನೆಲ, ನಾವು ಕಟ್ಟಿದ ಗೋಪುರದ ಕಣ್ಣಿಗೆ ಬಿದ್ದಷ್ಟು ನೆಲ ಬೆಳಕಾಗುತ್ತದೆ. ಉಳಿದ ಕತ್ತಲಲ್ಲಿ ಯಾರ ದಂಡು ಹೊರಟಿದೆಯೋ ತಿಳಿಯುವುದಿಲ್ಲ. ಪಾಠಪುಸ್ತಕ ‘ನಾಲ್ಕು ಗೋಪುರ ಕಟ್ಟಿಸಿದರು’ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಕಟ್ಟಿಸದಿದ್ದರೆ ಏನಾಗುತ್ತಿತ್ತು ಎಂಬುದನ್ನು ಆಟ ನಮ್ಮನ್ನು ಸೋಲಿಸಿ ತೋರಿಸುತ್ತದೆ.

ಆದ್ದರಿಂದ ಇಂಥ ಆಟಗಳಲ್ಲಿ ಚರಿತ್ರೆ ಎಷ್ಟಿದೆ ಎಂದು ಅಳೆಯುವವರು ಕೋಟೆಯ ಚಿತ್ರ, ಸೈನಿಕನ ಪೇಟ, ಹಿನ್ನೆಲೆಯ ಸಂಗೀತ ನೋಡಿ ಮೋಸಹೋಗಬಾರದು. ಆಟದ ಚರಿತ್ರೆ ಇರುವುದು ಅದರ ನಿಯಮಗಳಲ್ಲಿ: ಯಾವುದಕ್ಕೆ ಎಷ್ಟು ಖರ್ಚು, ಯಾವುದು ಎಂದೂ ಸಿಗದು, ಯಾರು ಯಾರ ಮಾತು ಕೇಳುತ್ತಾರೆ. ಈ ಅಳತೆಗೋಲು ಹಿಡಿದರೆ ಒಂದು ವಿಚಿತ್ರ ಕಾಣುತ್ತದೆ. ಕನ್ನಡ ನಾಡಿನ ಮಧ್ಯಯುಗವನ್ನು ನೇರವಾಗಿ ತೋರಿಸಲು ಹೊರಟ ಆಟಗಳಿಗಿಂತ, ನಮ್ಮ ಹೆಸರೇ ಕೇಳದ ಹಳೆಯ ಆಟಗಳ ಒಂದು ಬಗೆ ನಮ್ಮ ಚರಿತ್ರೆಗೆ ಹತ್ತಿರವಾಗಿದೆ. ಅದು ದಂಡಿನ ತಂತ್ರವನ್ನೂ ವ್ಯಕ್ತಿಯ ಪಾತ್ರವನ್ನೂ ಹೆಣೆದ ಬಗೆ. ಚದುರಂಗದಲ್ಲಿ ಆನೆಗೆ, ಕುದುರೆಗೆ ನೆನಪಿಲ್ಲ. ಹತ್ತು ಕಾಯಿ ಹೊಡೆದ ಕುದುರೆಯೂ ಮೊದಲಿದ್ದ ಕುದುರೆಯೇ. ಕಾಲಾಳು ಕೊನೆಯ ಸಾಲು ಮುಟ್ಟಿ ಮಂತ್ರಿಯಾಗುವ ಒಂದೇ ಒಂದು ಗಳಿಗೆಯಲ್ಲಿ ಮಾತ್ರ ಅಲ್ಲಿ ಕಾಯಿಯೊಂದಕ್ಕೆ ಬಾಳಿನ ಕಥೆ ಬರುತ್ತದೆ. ಪಾತ್ರದ ಅಂಶವಿರುವ ತಂತ್ರದ ಆಟಗಳು ಆ ಒಂದು ಗಳಿಗೆಯನ್ನು ಇಡೀ ಆಟಕ್ಕೆ ಹಿಗ್ಗಿಸಿದವು. ಅಲ್ಲಿ ದಂಡನಾಯಕನಿಗೆ ಹೆಸರಿದೆ, ಮುಖವಿದೆ. ಗೆದ್ದಷ್ಟೂ ಅನುಭವ ಕೂಡುತ್ತದೆ, ಸೋತರೆ ಕಳೆದದ್ದು ತಿರುಗಿ ಬರುವುದಿಲ್ಲ.

1999ರಲ್ಲಿ ಬಂದ ಎರಡು ಆಟಗಳು ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತವೆ. ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಆಟಗಾರ ಊರು ಕಟ್ಟಿ, ಆಳುಗಳಿಂದ ಆಹಾರ, ಮರ, ಚಿನ್ನ, ಕಲ್ಲು ಕೂಡಿಸಿ ದಂಡು ಮಾಡುತ್ತಾನೆ. ಅಲ್ಲಿ ಸೈನಿಕ ಎಂದರೆ ತಲೆಲೆಕ್ಕ. ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ರಲ್ಲಿ ದಂಡು ತಾನಾಗಿ ಹೆಜ್ಜೆ ಇಡದು; ಹೆಸರುಳ್ಳ ನಾಯಕನೊಬ್ಬ ಮುಂದೆ ನಿಂತರಷ್ಟೇ ಅದು ಊರು ಬಿಟ್ಟು ಹೊರಡುತ್ತದೆ, ಅವನ ಗುಣ ಅದರ ಬಲ. ಬೆಂಗಳೂರಿನಲ್ಲಿ ಮೊದಲನೆಯದರ ಸದ್ದೇ ಹೆಚ್ಚು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಕಾಫಿಯ ಜೊತೆ ಇಂಟರ್ನೆಟ್ ಮಾರಲು ತೊಡಗಿದ ಮೇಲೆ ಬಡಾವಣೆ ಬಡಾವಣೆಯಲ್ಲೂ ಸೈಬರ್ ಸೆಂಟರ್‌ಗಳು ಎದ್ದವು. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಆಡುವವರಿಗೆ ಬೇಗ ಮುಗಿಯುವ, ಎದುರಾಬದುರಾ ಆಡುವ ಆಟ ಬೇಕಿತ್ತು. ದಿನಕ್ಕೊಂದು ನಡೆಯಂತೆ ವಾರಗಟ್ಟಲೆ ಎಳೆಯುವ ಎರಡನೆಯದು ಮನೆಯಲ್ಲಿ ಕಂಪ್ಯೂಟರ್ ಇದ್ದವರ ಪಾಲಿಗೆ ಉಳಿಯಿತು.

‘ಏಜ್ ಆಫ್ ಎಂಪೈರ್ಸ್ 2’ಕ್ಕೆ ದಕ್ಷಿಣ ಭಾರತದ ದಾರಿ ಸಿಕ್ಕಿದ್ದು ತಡವಾಗಿ. 2022ರ ಏಪ್ರಿಲ್‌ನಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಸೇರ್ಪಡೆಯಲ್ಲಿ ‘ದ್ರಾವಿಡರು’ ಎಂಬ ಪಂಗಡ ಇದೆ. ಚೋಳರು, ಚಾಲುಕ್ಯರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಅದೇ ಒಂದು ಚೀಲದೊಳಗೆ; ಆಡಿಸಿ ತೋರಿಸುವ ಕಥೆ ರಾಜೇಂದ್ರ ಚೋಳನದು. ಇದರ ಮೇಲೆ ಸಿಟ್ಟಾಗುವುದು ಸುಲಭ. ಆದರೆ ನಿಯಮಗಳನ್ನು ನೋಡಿದರೆ ಮಾಡಿದವರು ಓದಿಕೊಂಡಿದ್ದಾರೆ ಎನಿಸುತ್ತದೆ. ಈ ಪಂಗಡಕ್ಕೆ ಭಾರಿ ಕುದುರೆಪಡೆ ಇಲ್ಲ. ಕಾಲಾಳು, ಆನೆ, ಹಡಗುಗಳ ಮೇಲೆ ನಿಲ್ಲಬೇಕು. ಒಳ್ಳೆಯ ಕುದುರೆ ಈ ನೆಲದಲ್ಲಿ ಹುಟ್ಟುತ್ತಿರಲಿಲ್ಲ, ಕಡಲಾಚೆಯಿಂದ ಭಟ್ಕಳ, ಗೋವೆಗಳಲ್ಲಿ ಇಳಿಯಬೇಕಿತ್ತು ಎಂಬುದು ವಿಜಯನಗರದ ಚರಿತ್ರೆಯ ಬೆನ್ನೆಲುಬು. ಅರಸು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಇನ್ನೊಂದು ನಿಯಮವೂ ಸೊಗಸು. ಎದುರಾಳಿಯ ಕವಚ ಲೆಕ್ಕಕ್ಕೇ ಬಾರದಂತೆ ಮಾಡುವ ಅಸ್ತ್ರವಿದ್ಯೆಯೊಂದನ್ನು ದ್ರಾವಿಡರಿಗೆ ಕೊಟ್ಟು ಅದಕ್ಕೆ ‘ವೂಟ್ಜ್ ಸ್ಟೀಲ್’ ಎಂದು ಹೆಸರಿಟ್ಟಿದ್ದಾರೆ. ಆ ವೂಟ್ಜ್ ನಮ್ಮ ‘ಉಕ್ಕು’ ಎಂಬ ಮಾತೇ, ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲಿಷರ ಕಾಗದಪತ್ರಗಳಲ್ಲಿ ಸೊಟ್ಟಗಾಗಿ ಕೂತದ್ದು ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಕನ್ನಡದ ಪದವೊಂದು ಲಂಡನ್ನಿಗೆ ಹೋಗಿ ವೇಷ ಬದಲಿಸಿ ಅಮೆರಿಕದ ಆಟದ ಮೂಲಕ ಮನೆಗೆ ಮರಳಿದೆ!

ಕುದುರೆ, ಉಕ್ಕು ಎರಡೂ ಸರಕುಗಳು. ಸರಕಿನ ಲೆಕ್ಕ ಈ ಆಟಕ್ಕೆ ಚೆನ್ನಾಗಿ ಬರುತ್ತದೆ. ಮನುಷ್ಯರ ನಡುವಿನ ಕಟ್ಟುಪಾಡು ಬರುವುದಿಲ್ಲ. ಅಲ್ಲಿ ಆಟಗಾರ ಅಪ್ಪಣೆ ಕೊಟ್ಟರೆ ಸಾವಿರ ಕಾಲಾಳು ಗೊಣಗದೆ ಸಾಯುತ್ತಾರೆ. ಕರ್ನಾಟಕದ ಮಧ್ಯಯುಗದ ಯಾವ ಅರಸನಿಗೂ ಆ ಭಾಗ್ಯ ಇರಲಿಲ್ಲ. ಅವನ ಕೆಳಗೆ ಮಹಾಮಂಡಳೇಶ್ವರ, ಸಾಮಂತ, ನಾಯಕ, ಪಾಳೆಯಗಾರ, ಗಾವುಂಡ ಎಂಬ ಮೆಟ್ಟಿಲುಗಳಿದ್ದವು. ಪ್ರತಿ ಮೆಟ್ಟಿಲಿನಲ್ಲೂ ಸ್ವಂತ ದಂಡು, ಸ್ವಂತ ಬೊಕ್ಕಸ, ಸ್ವಂತ ಅಭಿಮಾನ ಇಟ್ಟುಕೊಂಡ ಒಬ್ಬ ಮನುಷ್ಯನಿದ್ದ. ಮೇಲೆ ಹೇಳಿದ ನೂನಿಜ್, ಬೆಂಗಳೂರು ಕಟ್ಟಿದ 1537ರ ಆಸುಪಾಸಿನಲ್ಲೇ ಬರೆದವನು, ವಿಜಯನಗರದ ಅರಸ ಅಚ್ಯುತರಾಯನ ನಾಯಕರ ಪಟ್ಟಿಯೊಂದನ್ನು ಕೊಡುತ್ತಾನೆ. ಸಾಳುವ ನಾಯಕನ ಆದಾಯ 11 ಲಕ್ಷ ಚಿನ್ನದ ಪರ್ದಾವು. ಅದರ ಮೂರರಲ್ಲಿ ಒಂದು ಪಾಲು ಅರಸನಿಗೆ. ಉಳಿದದ್ದರಲ್ಲಿ 30,000 ಕಾಲಾಳು, 3,000 ಕುದುರೆ, 30 ಆನೆ ಸಾಕಬೇಕು. ಹೆಸರು, ಆದಾಯ, ಕಪ್ಪ, ದಂಡಿನ ಬಲ: ‘ಹೀರೋಸ್’ ಆಟದಲ್ಲಿ ನಾಯಕನ ಚಿತ್ರದ ಮೇಲೆ ಒತ್ತಿದರೆ ತೆರೆಯುವ ಪುಟದಲ್ಲೂ ಇಂಥ ಅಂಕಿಗಳೇ ಇರುತ್ತವೆ.

ಇನ್ನೂ ಹಳೆಯ ಸಾಕ್ಷಿ ಬಸವನಗುಡಿಯಿಂದ ದಕ್ಷಿಣಕ್ಕೆ ಬೇಗೂರಿನಲ್ಲಿ ಸಿಕ್ಕಿದೆ. ಅಲ್ಲಿನ ಗಂಗರ ಕಾಲದ ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎರೆಯಪನೆಂಬ ಗಂಗ ಅರಸ, ಅಯ್ಯಪದೇವನಿಗೆ ನೆರವಾಗಲೆಂದು ನಾಗತ್ತರನನ್ನು ದಂಡಿನೊಡನೆ ಕಳಿಸುತ್ತಾನೆ; ತುಂಬೆಪಾಡಿಯಲ್ಲಿ ಬೀರಮಹೇಂದ್ರನೊಡನೆ ಕಾಳಗ; ದಂಡು ಮುರಿದಾಗ ನಾಗತ್ತರ ಆನೆಗಳ ನಡುವೆ ಕಾದಿ ಬೀಳುತ್ತಾನೆ. ಸುದ್ದಿ ಕೇಳಿದ ಅರಸ ಇರುಗನೆಂಬವನಿಗೆ ‘ನಾಗತ್ತರವಟ್ಟ’ವನ್ನು ಕಟ್ಟಿ, ಬೇಗೂರು ಸೇರಿದ ಹನ್ನೆರಡು ಊರುಗಳನ್ನು ಕಲ್ನಾಡಾಗಿ ಬಿಡುತ್ತಾನೆ. ಸತ್ತವನ ಹೆಸರೇ ಒಂದು ಪದವಿಯಾಯಿತು, ಪದವಿ ಇನ್ನೊಬ್ಬನ ಹಣೆಗೆ ಬಂತು, ಅದರ ಜೊತೆ ನೆಲವೂ ಬಂತು. ಕಾಳಗದ ಫಲ ಗೆಲುವು-ಸೋಲಿನಲ್ಲಿ ಮುಗಿಯದೆ ವ್ಯಕ್ತಿಯಿಂದ ವ್ಯಕ್ತಿಗೆ ಹರಿಯುವ ಲೆಕ್ಕವಾಗುತ್ತದೆ. ಆ ಲೆಕ್ಕದ ಬಗೆಗಳಿಗೆ ಕನ್ನಡದಲ್ಲಿ ಬೇರೆ ಬೇರೆ ಮಾತುಗಳೇ ಇದ್ದವು. ಉಂಡ ಅನ್ನದ ಋಣಕ್ಕೆ ಜೋಳವಾಳಿ. ಒಡೆಯನೊಡನೆ ಸಾಯುವ ಭಾಷೆಗೆ ವೇಳೆವಾಳಿ. ಮಡಿದವನ ಮನೆಗೆ ಕೊಟ್ಟ ನೆಲಕ್ಕೆ ನೆತ್ತರುಗೊಡಗೆ. ಪಂಪನ ಕರ್ಣ ದುರ್ಯೋಧನನನ್ನು ಬಿಟ್ಟುಬರದಿರುವುದು ಮೊದಲನೆಯ ಕಟ್ಟಿಗೆ ಸಿಕ್ಕಿ. ಹಳೇಬೀಡಿನಲ್ಲಿ ವೀರಬಲ್ಲಾಳನ ದಂಡನಾಥ ಕುವರಲಕ್ಷ್ಮ, ಮಡದಿ ಸುಗ್ಗಲದೇವಿ, ಸಾವಿರ ಭಟರು ಒಡೆಯನ ಹಿಂದೆ ಪ್ರಾಣ ಬಿಟ್ಟದ್ದನ್ನು ಹೇಳುವ ಕಂಬ ಎರಡನೆಯದಕ್ಕೆ ಸಾಕ್ಷಿ.

ಋಣವನ್ನು, ಸಾವಿನ ಭಾಷೆಯನ್ನು ಅಂಕಿಗೆ ಇಳಿಸುವುದು ಅಪಚಾರವಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಕುವರಲಕ್ಷ್ಮನ ನಿಷ್ಠೆ ನೂರಕ್ಕೆ ನೂರು ಎಂದು ಪರದೆಯ ಮೂಲೆಯಲ್ಲಿ ಬರೆದರೆ ಅವನ ಕಂಬದ ಮುಂದೆ ನಿಂತಾಗ ಆಗುವ ದಿಗಿಲು ಅದರಲ್ಲಿ ಬರುವುದಿಲ್ಲ, ನಿಜ. ಆದರೆ ಲೆಕ್ಕ ಹಾಕುವ ರೂಢಿ ಆಟದವರು ತಂದದ್ದಲ್ಲ. ಶಾಸನಗಳೇ ಹನ್ನೆರಡು ಊರು, ಇಂತಿಷ್ಟು ಗದ್ದೆ, ಇಂತಿಷ್ಟು ಹೊನ್ನು ಎಂದು ಎಣಿಸಿವೆ. ಕಲ್ಲಿನ ಮೇಲ್ಭಾಗದಲ್ಲಿ ಸ್ವರ್ಗ, ಅಕ್ಷರಗಳಲ್ಲಿ ಸರ್ವಮಾನ್ಯದ ವಿವರ. ಇವೆರಡನ್ನೂ ಒಂದೇ ಚಪ್ಪಡಿಯಲ್ಲಿ ಕೆತ್ತಿಸಿದವರಿಗೆ ಮುಜುಗರವಾಗಲಿಲ್ಲ. ಆಟ ಸ್ವರ್ಗದ ಭಾಗವನ್ನು ಬಿಟ್ಟುಬಿಡುತ್ತದೆ ಎಂಬ ದೂರು ಸರಿ. ಲೆಕ್ಕದ ಭಾಗವನ್ನು ಅದು ನಮ್ಮ ಅನೇಕ ಚಾರಿತ್ರಿಕ ಸಿನಿಮಾಗಳಿಗಿಂತ ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬುದೂ ಸರಿ.

ಕೆಂಪೇಗೌಡರ ಕಥೆಗೇ ಬರೋಣ. ಯಲಹಂಕದ ಪ್ರಭು ಮಣ್ಣಿನ ಕೋಟೆ ಕಟ್ಟುತ್ತಾರೆ, ಅಕ್ಕಿಪೇಟೆ, ರಾಗಿಪೇಟೆ, ಬಳೆಪೇಟೆ, ಕುಂಬಾರಪೇಟೆ ಎಂದು ಕಸುಬಿಗೊಂದು ಬೀದಿ ಮಾಡುತ್ತಾರೆ, ಕೆರೆ ತೋಡಿಸುತ್ತಾರೆ. ಇಲ್ಲಿಯವರೆಗೆ ಇದು ‘ಏಜ್ ಆಫ್ ಎಂಪೈರ್ಸ್’ ಬಗೆಯ ಆಟ. ಅಚ್ಯುತರಾಯ ಮೆಚ್ಚಿ ವರ್ಷಕ್ಕೆ 30,000 ವರಹ ಹುಟ್ಟುವಳಿಯ ಹನ್ನೆರಡು ಹೋಬಳಿಗಳನ್ನು ಕೊಟ್ಟನೆಂದೂ, ಮುಂದೆ ಅಪ್ಪಣೆಯಿಲ್ಲದೆ ಸ್ವಂತ ನಾಣ್ಯ ಟಂಕಿಸಿದ್ದಕ್ಕೆ ಆನೆಗೊಂದಿಯಲ್ಲಿ 5 ವರ್ಷ ಸೆರೆಯಲ್ಲಿಟ್ಟು, ಸೀಮೆ ಕಿತ್ತುಕೊಂಡು, ಕೊನೆಗೆ ದಂಡ ಕಟ್ಟಿಸಿಕೊಂಡು ಬಿಟ್ಟರೆಂದೂ ಪರಂಪರೆಯ ಕಥನ ಹೇಳುತ್ತದೆ. ಈ ಎರಡನೆಯ ಭಾಗವನ್ನು ಊರು ಕಟ್ಟುವ ಆಟದಲ್ಲಿ ಆಡಿಸಲು ಬರುವುದೇ ಇಲ್ಲ. ಅಲ್ಲಿ ಮೇಲೊಬ್ಬ ಒಡೆಯ ಇರುವುದಿಲ್ಲ, ಅವನ ಮನಸ್ಸು ಕಹಿಯಾಗುವುದಿಲ್ಲ. 2012ರ ‘ಕ್ರುಸೇಡರ್ ಕಿಂಗ್ಸ್ 2’ರಂಥ ಆಟದಲ್ಲಿ ಅದು ದಿನನಿತ್ಯದ ಸಂಗತಿ: ಪ್ರತಿ ಸಾಮಂತನಿಗೂ ಒಡೆಯನ ಬಗ್ಗೆ, ಒಡೆಯನಿಗೆ ಸಾಮಂತನ ಬಗ್ಗೆ ಅಭಿಪ್ರಾಯದ ಅಂಕ, ಅದು ಕುಸಿದರೆ ಪಿತೂರಿ, ಸೆರೆ, ದಂಡ. 2014ರ ಸೇರ್ಪಡೆಯಲ್ಲಿ ಅದರ ನಕ್ಷೆ ಭಾರತಕ್ಕೂ ಹಬ್ಬಿತು.

ಯುರೋಪಿನ ಊಳಿಗಮಾನ್ಯದ ಅಂಗಿಯನ್ನು ನಮ್ಮವರಿಗೆ ತೊಡಿಸಿದರೆ ಹೊಂದುತ್ತದೆಯೇ ಎಂದು ಇತಿಹಾಸದ ಮೇಷ್ಟರು ಕೇಳುತ್ತಾರೆ. ಹೊಂದುವುದಿಲ್ಲ. ಅಲ್ಲಿನ ಆಟಗಳಲ್ಲಿ ನೆಲ ತಂದೆಯಿಂದ ಮಗನಿಗೆ ಇಳಿಯುವ ಆಸ್ತಿ. ಮದುವೆ, ಉತ್ತರಾಧಿಕಾರಗಳೇ ಆಟದ ಅರ್ಧ. ವಿಜಯನಗರದ ಅಮರನಾಯಕನಿಗೆ ಸೀಮೆ ಸಿಕ್ಕುತ್ತಿದ್ದುದು ಸೇವೆಗೆ, ಅರಸನ ಮರ್ಜಿ ಇರುವವರೆಗೆ. ಬೇರೆ ಸೀಮೆಗೆ ಎತ್ತಿ ಹಾಕಬಹುದಿತ್ತು. ಅದನ್ನು ವಂಶದ ಸ್ವತ್ತಾಗಿ ಬೇರೂರಿಸುವ ಹಟವೇ ಮುಂದಿನ ಪಾಳೆಯಗಾರರ ಚರಿತ್ರೆ. ಈ ಆಕ್ಷೇಪ ಆಟದ ಬಗೆಯನ್ನು ತಳ್ಳಿಹಾಕುವುದಿಲ್ಲ, ನಿಯಮ ತಿದ್ದಿ ಎನ್ನುತ್ತದೆ ಅಷ್ಟೆ. ತಿದ್ದುವ ಕೈಗಳಿಗೂ ಈ ಊರಿನಲ್ಲಿ ಬರವಿಲ್ಲ: 1997ರಲ್ಲೇ ಇಲ್ಲಿ ಹುಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಎರಡು ದಶಕ ಹೊರದೇಶದ ಆಟಗಳಿಗೆ ಚಿತ್ರ, ಮಾದರಿ ಮಾಡಿಕೊಟ್ಟಿತು.

ಇದೆಲ್ಲ ಹಳೆಯ ಆಟಗಳ ಮೇಲಿನ ಮೋಹ, ಇಂದಿನ ಬೆರಗಿನ ಚಿತ್ರಗಳ ಮುಂದೆ ಅವು ನಿಲ್ಲುತ್ತವೆಯೇ ಎನ್ನುವವರಿಗೆ 1984ರ ‘ಲಾರ್ಡ್ಸ್ ಆಫ್ ಮಿಡ್‌ನೈಟ್’ ಉತ್ತರ. ಮೈಕ್ ಸಿಂಗಲ್ಟನ್ ಎಂಬ ಇಂಗ್ಲಿಷ್ ಮೇಷ್ಟರು ಅದನ್ನು 48 ಕಿಲೋಬೈಟ್ ನೆನಪಿನ ಪುಟ್ಟ ಯಂತ್ರಕ್ಕೆ ಬರೆದರು. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊಕ್ಕೂ ಅಷ್ಟು ಜಾಗ ಸಾಲದು. ಚಿತ್ರಕ್ಕೆ ಎಡೆಯಿಲ್ಲದ್ದರಿಂದ ಅರ್ಥವೆಲ್ಲ ನಿಯಮದಲ್ಲೇ ತುಂಬಬೇಕಾಯಿತು. ನಾಯಕರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಒಲಿಸಿಕೊಳ್ಳಬೇಕು. ಯಾರು ಕೇಳಿದರೆ ಯಾರು ಒಪ್ಪುತ್ತಾರೆ ಎಂಬುದಕ್ಕೆ ಅವರವರ ಸಂಬಂಧ ಕಾರಣ. ಭಯ ಏರಿದರೆ ದಂಡಿದ್ದೂ ಧೈರ್ಯವಿಲ್ಲ. ದಂಡಿನಿಂದಲೂ ಗೆಲ್ಲಬಹುದು, ಒಬ್ಬ ಹುಡುಗನ ಗುಟ್ಟಿನ ಪಯಣದಿಂದಲೂ ಗೆಲ್ಲಬಹುದು. ಕಥೆಯ ನಾಡು ಕಲ್ಪಿತ, ಹಿಮ ತುಂಬಿದ್ದು. ಆದರೂ ಪಾಳೆಯಗಾರರನ್ನು ಕೂಡಿಸಿಕೊಳ್ಳಲು ತಿಣುಕಿದ ಅರಸನ ಕಷ್ಟ ಅದರಲ್ಲಿ ಎದ್ದು ಕಾಣುತ್ತದೆ.

‘ಹೀರೋಸ್ 3’ರ ನಕ್ಷೆಗಳಲ್ಲಿ ಅಲ್ಲಲ್ಲಿ ಸೆರೆಮನೆಗಳಿರುತ್ತವೆ. ಒಳಗೆ ಕೂತ ನಾಯಕನ ಅನುಭವ, ವಿದ್ಯೆ ಎಲ್ಲ ಹಾಗೇ ಇರುತ್ತವೆ. ಬಂದು ಬಿಡಿಸಿದವರ ಕಡೆ ಅವನು ಸೇರುತ್ತಾನೆ. ದಿನಕ್ಕೊಂದು ನಡೆ ಎಂಬ ಅದೇ ಲೆಕ್ಕದಲ್ಲಿ ಆನೆಗೊಂದಿಯ ಸೆರೆ ಸುಮಾರು 1,825 ನಡೆ. ಅಷ್ಟೂ ನಡೆಗಳಲ್ಲಿ ಅಕ್ಕಿಪೇಟೆಗೆ ಅಕ್ಕಿ ಬಂದಿರಬೇಕು, ಕುಂಬಾರಪೇಟೆಯ ಆವಿಗೆ ಉರಿದಿರಬೇಕು, ಕೆರೆಯ ತೂಬು ಯಾರೋ ಎತ್ತಿ ಇಳಿಸಿರಬೇಕು. ಕಹಳೆ ಬಂಡೆಯ ಮೇಲಿನ ಕಾವಲಿನವನು ಯಾರ ಅನ್ನ ಉಂಡು ರಾತ್ರಿ ಎದ್ದಿರುತ್ತಿದ್ದನೋ.