ಬೇಡಿ ಕಳಚಿದ ಕೈಗಳು

ಒಂದು ಚಿತ್ರ. ಅದರಲ್ಲಿರುವುದು ಎರಡು ಕೈಗಳು. ಮಣಿಕಟ್ಟಿಗೆ ಬೇಡಿ ತೊಡಿಸಲಾಗಿದೆ, ಬೆರಳುಗಳನ್ನು ಕತ್ತರಿಸಲಾಗಿದೆ. ಈ ಕೈಗಳೇನು ಕದ್ದವೇ? ಯಾರನ್ನಾದರೂ ಹೊಡೆದವೇ? ಇಲ್ಲ. ಅವು ಮಾಡಿದ ಅಪರಾಧ ಒಂದೇ: ಮಾತನಾಡಿದ್ದು!

1972ರಲ್ಲಿ ಈ ಚಿತ್ರ ಬರೆದಾಕೆ ಅಮೆರಿಕದ ಕಲಾವಿದೆ ಬೆಟ್ಟಿ ಮಿಲ್ಲರ್. ಚಿತ್ರದ ಹೆಸರು ‘ಆಮೆಸ್ಲಾನ್ ಪ್ರೊಹಿಬಿಟೆಡ್’. ಆಮೆಸ್ಲಾನ್ ಎಂಬುದು ಅಮೆರಿಕದ ಕಿವುಡರ ಸನ್ನೆ ಭಾಷೆಗೆ ಆಗ ಇದ್ದ ಮೊಟಕು ಹೆಸರು. ಆ ಭಾಷೆಗೆ ನಿಷೇಧ ಎಂಬುದೇ ಚಿತ್ರದ ಅರ್ಥ. ಬೆಟ್ಟಿಯ ತಂದೆ ತಾಯಿ ಇಬ್ಬರೂ ಕಿವುಡರು. ಮನೆಯಲ್ಲಿ ಕೈಯೇ ಮಾತು. ಶಾಲೆಗೆ ಹೋದರೆ ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುವುದು, ಗಂಟಲಿನಿಂದ ದನಿ ಹೊರಡಿಸುವುದು, ಇದೇ ವಿದ್ಯೆ. ಆ ನೋವು ಮುಂದೆ ಕಾಗದದ ಮೇಲೆ ಇಳಿಯಿತು.

ಈ ನಿಷೇಧದ ಬೇರು ಇರುವುದು 1880ರಲ್ಲಿ. ಇಟಲಿಯ ಮಿಲಾನ್ ನಗರದಲ್ಲಿ ಕಿವುಡ ಮಕ್ಕಳ ಶಿಕ್ಷಕರ ಅಂತರರಾಷ್ಟ್ರೀಯ ಸಮಾವೇಶ ಸೇರಿತು. ಬಾಯಿಮಾತಿನ ಪದ್ಧತಿಯೇ ಶ್ರೇಷ್ಠ, ಸನ್ನೆ ಬೇಡ ಎಂದು ಅಲ್ಲಿ ತೀರ್ಮಾನವಾಯಿತು. ತೀರ್ಮಾನಿಸಿದವರು ಬಹುತೇಕ ಎಲ್ಲರೂ ಕಿವಿ ಕೇಳುವವರೇ! ಯೂರೋಪು, ಅಮೆರಿಕಗಳ ಎಷ್ಟೋ ಶಾಲೆಗಳಲ್ಲಿ ಸನ್ನೆ ಮಾಡಿದ ಮಗುವಿನ ಕೈಗೆ ಪೆಟ್ಟು ಬೀಳತೊಡಗಿತು. ಈ ತಪ್ಪಿಗೆ ಅದೇ ಸಮಾವೇಶದ ಉತ್ತರಾಧಿಕಾರಿಗಳು ಬಹಿರಂಗವಾಗಿ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಅಷ್ಟರಲ್ಲಿ 130 ವರ್ಷ ಕಳೆದಿತ್ತು.

ಗೋಡೆಯೇರಿದ ಮಾತು

ಆದರೆ ಕಲಾವಿದರು ಅಲ್ಲಿಯವರೆಗೆ ಕಾದು ಕೂರಲಿಲ್ಲ. ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯ ಕಿವುಡರ ಉನ್ನತ ಶಿಕ್ಷಣಕ್ಕೆ ಹೆಸರಾದದ್ದು. 1864ರಲ್ಲಿ ಅದಕ್ಕೆ ಪದವಿ ನೀಡುವ ಅಧಿಕಾರದ ಪತ್ರಕ್ಕೆ ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಅಲ್ಲಿಯ ವಿದ್ಯಾರ್ಥಿಗಳು 1988ರ ಮಾರ್ಚ್‌ನಲ್ಲಿ ‘ನಮಗೆ ಕಿವುಡ ಅಧ್ಯಕ್ಷರೇ ಬೇಕು’ ಎಂದು ಹೋರಾಡಿ ಗೆದ್ದರು. ಮರುವರ್ಷ, 1989ರಲ್ಲಿ, ಅಲ್ಲಿಯೇ ಒಂಬತ್ತು ಮಂದಿ ಕಿವುಡ ಕಲಾವಿದರು ನಾಲ್ಕು ದಿನ ಒಟ್ಟಿಗೆ ಕುಳಿತು ಒಂದು ಘೋಷಣಾಪತ್ರ ಸಿದ್ಧಪಡಿಸಿದರು. ಬೆಟ್ಟಿ ಮಿಲ್ಲರ್ ಅದರ ಮುಂದಾಳುಗಳಲ್ಲಿ ಒಬ್ಬರು. ತಮ್ಮ ಕಲೆಗೆ ಅವರು ಇಟ್ಟ ಹೆಸರು ‘ಡೆವಿಯಾ’. ‘ಕಿವುಡರ ನೋಟದ ಕಲೆ’ ಎನ್ನಬಹುದು. ಗಾಢವಾದ, ಒಂದಕ್ಕೊಂದು ಎದುರಾಗುವ ಬಣ್ಣಗಳು. ದೊಡ್ಡದಾಗಿ ಎದ್ದು ಕಾಣುವ ಕಣ್ಣು, ಬಾಯಿ, ಕಿವಿ, ಕೈ. ಇವು ಅದರ ಗುರುತುಗಳು. ಕಿವುಡರಾಗಿ ಬದುಕಿದ ಅನುಭವವೇ ಅದರ ವಸ್ತು.

ಹಾಗಾದರೆ ಕಿವುಡರು ಬರೆದ ಚಿತ್ರಗಳೆಲ್ಲ ಡೆವಿಯಾ ಆಗುತ್ತವೆಯೇ? ಇಲ್ಲ. ಕ್ಯಾಲಿಫೋರ್ನಿಯಾದ ಗ್ರ್ಯಾನ್‌ವಿಲ್ ರೆಡ್ಮಂಡ್ (1871-1935) ಬರೆದದ್ದು ಹೂವು ತುಂಬಿದ ಬಯಲು, ಬೆಳದಿಂಗಳು. ಮೂಕಿ ಚಿತ್ರಗಳ ದೊರೆ ಚಾರ್ಲಿ ಚಾಪ್ಲಿನ್ ಇವರ ಆಪ್ತ ಗೆಳೆಯ. 1931ರ ‘ಸಿಟಿ ಲೈಟ್ಸ್’ ಚಿತ್ರದಲ್ಲಿ ಶಿಲ್ಪಿಯಾಗಿ ಕಾಣಿಸಿಕೊಂಡವರು ಇವರೇ. ನಮ್ಮ ಸತೀಶ್ ಗುಜ್ರಾಲ್ (1925-2020) ಅವರನ್ನೂ ಇಲ್ಲಿ ನೆನೆಯಬೇಕು. ಎಂಟನೆಯ ವಯಸ್ಸಿನಲ್ಲಿ ಶ್ರವಣಶಕ್ತಿ ಕಳೆದುಕೊಂಡ ಈ ಬಾಲಕನನ್ನು ಸೇರಿಸಿಕೊಳ್ಳಲು ಹಲವು ಶಾಲೆಗಳು ಒಪ್ಪಲಿಲ್ಲ. ಆತ ಲಾಹೋರ್ ಮತ್ತು ಮುಂಬಯಿಯ ಕಲಾಶಾಲೆಗಳಲ್ಲಿ ಕಲಿತು, 1952ರಲ್ಲಿ ಮೆಕ್ಸಿಕೋಗೆ ಹೋಗಿ ಡೀಗೋ ರಿವೇರಾ ಅವರಂಥವರ ಬಳಿ ಪಳಗಿ, ದೇಶವಿಭಜನೆಯ ಸಂಕಟವನ್ನು ಚಿತ್ರಿಸಿದರು. 1999ರಲ್ಲಿ ಪದ್ಮವಿಭೂಷಣ ಪಡೆದರು. ಇವರಿಬ್ಬರೂ ಕಿವುಡರಾಗಿದ್ದ ಶ್ರೇಷ್ಠ ಕಲಾವಿದರು. ಡೆವಿಯಾ ಕಲಾವಿದರಾದರೋ ಕಿವುಡುತನವನ್ನೇ ಚೌಕಟ್ಟಿನೊಳಗೆ ತಂದವರು.

ಬಣ್ಣದ ಪೆಟ್ಟಿಗೆ, ಕೋನಮಾಪಕ

ಶಾಲಾಮಕ್ಕಳಿಗೆ ಥಟ್ಟನೆ ಅರ್ಥವಾಗುವ ಎರಡು ಕೃತಿಗಳಿವೆ. ಮೊದಲನೆಯದು ಆ್ಯನ್ ಸಿಲ್ವರ್ 1999ರಲ್ಲಿ ರಚಿಸಿದ ಕ್ರೇಯಾನ್ ಪೆಟ್ಟಿಗೆಗಳು. ಹಳೆಯ ಪೆಟ್ಟಿಗೆಯ ಕಡ್ಡಿಗಳ ಮೇಲೆ ಬಣ್ಣದ ಹೆಸರಿಗೆ ಬದಲು, ಜನ ಕಿವುಡರನ್ನು ಕರೆಯುತ್ತಿದ್ದ ಹೀನಾಯದ ಹೆಸರುಗಳು. ಹೊಸ ಪೆಟ್ಟಿಗೆಯಲ್ಲಿ ಅವರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರುಗಳು. ನಮ್ಮ ಊರಿನ ಪೆಟ್ಟಿಗೆಯಲ್ಲಿ ಯಾವ ಕಡ್ಡಿಗಳಿವೆ? ನೀವೇ ಯೋಚಿಸಿ.

ಇನ್ನೊಂದು ಕೊರಿಯನ್ ಮೂಲದ ಅಮೆರಿಕನ್ ಕಲಾವಿದೆ ಕ್ರಿಸ್ಟೀನ್ ಸನ್ ಕಿಮ್ ಅವರದು. ಜ್ಯಾಮಿತಿ ಪಾಠದ ಲಘುಕೋನ, ಲಂಬಕೋನ, ವಿಶಾಲಕೋನಗಳಲ್ಲಿ ಆಕೆ ತನ್ನ ಸಿಟ್ಟನ್ನು ಅಳೆದಿದ್ದಾರೆ! ಸಣ್ಣ ಕಿರಿಕಿರಿಗೆ ಲಘುಕೋನ. ಸನ್ನೆಯನ್ನು ಮಾತಿಗಿಳಿಸುವ ದುಭಾಷಿಗೆ ಕೊಡುವ ಹಣವನ್ನು ಕಲಾವಿದೆಯ ಸಂಭಾವನೆಯಿಂದಲೇ ಮುರಿದುಕೊಳ್ಳಲು ನೋಡುವಂಥ ಆಯೋಜಕರಿದ್ದರೆ, ಕೋನ ದೊಡ್ಡದಾಗುತ್ತದೆ. 2019ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಈ ಚಿತ್ರಗಳನ್ನು ಪ್ರದರ್ಶಿಸಿತು. 2025ರಲ್ಲಿ ಆಕೆಯದೇ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು.

ಇಂಗ್ಲಿಷಿನಲ್ಲಿ ಕಿವುಡ ಎಂಬ ಪದವನ್ನು ಎರಡು ರೀತಿ ಬರೆಯುವ ರೂಢಿಯಿದೆ. ಕಿವಿಯ ತೊಂದರೆಯನ್ನಷ್ಟೇ ಹೇಳುವಾಗ ಮೊದಲ ಅಕ್ಷರ ಚಿಕ್ಕದು. ಸನ್ನೆ ಭಾಷೆ, ಕಥೆ, ಹಾಸ್ಯ, ಗೆಳೆತನಗಳಿರುವ ಒಂದು ಸಮುದಾಯ ಎನ್ನುವಾಗ ದೊಡ್ಡದು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳಿಲ್ಲ. ಆ ಗೌರವವನ್ನು ನಾವು ನಡವಳಿಕೆಯಲ್ಲೇ ತೋರಿಸಬೇಕು.

ಪ್ರದರ್ಶನವೇ ಏಕೆ? ಯೋಚಿಸಿ ನೋಡಿ. ಭಾಷಣ, ಸಂಗೀತ, ತರಗತಿ, ಎಲ್ಲೆಡೆ ಕಿವಿಗೇ ಮೊದಲ ಮಣೆ. ಕಲಾಪ್ರದರ್ಶನದ ಸಭಾಂಗಣದಲ್ಲಿ ಮಾತ್ರ ಎಲ್ಲರೂ ಬಾಯಿ ಮುಚ್ಚಿ ಕಣ್ಣು ತೆರೆಯುತ್ತಾರೆ. ಅಲ್ಲಿ ಕಿವುಡ ಮಗು ಹಿಂದಿನ ಬೆಂಚಿನಲ್ಲಿ ಇರುವುದಿಲ್ಲ.

ತಾಯ್ತಂದೆಯರಿಗೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. 2018ರಲ್ಲಿ 3,000 ಪದಗಳಿಂದ ಶುರುವಾದ ಅದರ ನಿಘಂಟು 2021ರಲ್ಲಿ 10,000 ಪದಗಳನ್ನು ಮುಟ್ಟಿತು. ಅಂದರೆ ಸನ್ನೆ ಎಂಬುದು ಬರಿಯ ಕೈಬಾಯಿ ತಿರುಗಿಸುವಿಕೆಯಲ್ಲ, ವ್ಯಾಕರಣವಿರುವ ಭಾಷೆ.

ಆದರೂ ‘ನಾಲ್ಕು ಜನರ ಎದುರು ಕೈ ಆಡಿಸಬೇಡ’ ಎಂದು ಗದರುವ ಮನೆಗಳು ಇಂದಿಗೂ ಇವೆ. ಯಕ್ಷಗಾನದ ವೇಷಧಾರಿಯ ಹಸ್ತಾಭಿನಯ ಕಂಡು ತಲೆದೂಗುವ ನಾವು, ಮಗುವಿನ ಕೈಗೆ ಏಕೆ ನಾಚಬೇಕು? ವೈದ್ಯರಲ್ಲಿ ತೋರಿಸಿ, ಶ್ರವಣಸಾಧನ ಬೇಕಿದ್ದರೆ ಹಾಕಿಸಿ, ಮಾತು ಕಲಿಸಿ, ಬೇಡವೆಂದವರು ಯಾರು? ಜೊತೆಗೆ ಸನ್ನೆಯನ್ನೂ ಕಲಿಸಿ, ನೀವೂ ಕಲಿಯಿರಿ. ಮಗು ಚಿತ್ರ ಬರೆದರೆ ಗೋಡೆಗೆ ಅಂಟಿಸಿ. ವಿದ್ಯಾರ್ಥಿಗಳೇ, ನಿಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಪಕ್ಕದ ಕಿವುಡ ಮಕ್ಕಳ ಶಾಲೆಯವರನ್ನೂ ಕರೆಯಿರಿ. ಬಂದು ನೋಡಿ ಹೋಗಲಿಕ್ಕಲ್ಲ, ತಮ್ಮ ಚಿತ್ರಗಳನ್ನು ನಿಮ್ಮ ಪಕ್ಕದಲ್ಲೇ ತೂಗುಹಾಕಲಿಕ್ಕೆ. ಪ್ರತಿವರ್ಷ ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷಾ ದಿನ. ಅದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು?

ಕೊನೆಗೆ ಮೆಚ್ಚುಗೆ ಸೂಚಿಸುವಾಗ ಮಾತ್ರ ಚಪ್ಪಾಳೆ ತಟ್ಟಬೇಡಿ; ಅದು ಅವರಿಗೆ ಕೇಳಿಸದು. ಎರಡೂ ಕೈಗಳನ್ನು ಮೇಲೆತ್ತಿ, ಬೆರಳು ಬಿಡಿಸಿ, ಎಲೆಗಳು ಅಲುಗಾಡುವಂತೆ ಆಡಿಸಿ. ಕಿವುಡರ ಚಪ್ಪಾಳೆ ಹಾಗೆಯೇ ಇರುತ್ತದೆ. ಬೇಡಿಯಿಲ್ಲದ ಕೈಗಳು ಎಷ್ಟು ಚೆನ್ನಾಗಿ ಕಾಣುತ್ತವೆ ಎಂಬುದು ಆಗ ನಿಮಗೂ ಗೊತ್ತಾಗುತ್ತದೆ.